ಬಿಡಿಸಿ ಜೋಡಿಸುವ ಗೇಮಿಂಗ್ ಹೆಡ್‌ಸೆಟ್: ಪರೀಕ್ಷಿಸಿ ನೋಡುವುದು ಹೇಗೆ?

ಗೇಮಿಂಗ್ ಹೆಡ್‌ಸೆಟ್ ಪೂರ್ತಿ ಕೆಡುವುದು ಅಪರೂಪ. ಕಿವಿಯ ಕುಶನ್ ಸಿಪ್ಪೆ ಏಳುತ್ತದೆ, ಕೇಬಲ್ ಪಿನ್ನಿನ ಬುಡದಲ್ಲಿ ಒಳಗೊಳಗೇ ತುಂಡಾಗುತ್ತದೆ, ಮೈಕ್ ಕಡ್ಡಿ ಸಡಿಲವಾಗಿ ಜೋತು ಬೀಳುತ್ತದೆ, ಇಲ್ಲವೇ ಬ್ಯಾಟರಿ ಸೊರಗುತ್ತದೆ. ಸದ್ದು ಹೊರಡಿಸುವ ಡ್ರೈವರ್ ಮಾತ್ರ ಇನ್ನೂ ಚೆನ್ನಾಗಿಯೇ ಇರುತ್ತದೆ. ಆದರೂ ಇಡೀ ಹೆಡ್‌ಸೆಟ್ ಮೂಲೆ ಸೇರುತ್ತದೆ. ಭಾಗಗಳನ್ನು ಕಳಚಿ ಬದಲಿಸಬಹುದಾದ ಮಾಡ್ಯುಲರ್ ಹೆಡ್‌ಸೆಟ್‌ಗೆ ಬೆಲೆ ಬಂದಿರುವುದು ಇದರಿಂದಲೇ.

ಈ ವಿಚಾರ ಹೊಸದೇನಲ್ಲ. 1988ರಿಂದ ಮಾರಾಟದಲ್ಲಿರುವ ಸೆನ್‌ಹೈಸರ್ ಎಚ್‌ಡಿ 25 ಹೆಡ್‌ಫೋನಿಗೆ ಇಂದಿಗೂ ಕುಶನ್, ಕೇಬಲ್, ಡ್ರೈವರ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಡೆನ್ಮಾರ್ಕಿನ ಎಐಎಐಎಐ ಕಂಪನಿ 2015ರಲ್ಲಿ ತಂದ ಟಿಎಂಎ-2 ಹೆಡ್‌ಫೋನನ್ನು ಸ್ಪೀಕರ್, ಹೆಡ್‌ಬ್ಯಾಂಡ್, ಕುಶನ್, ಕೇಬಲ್ ಎಂದು ನಾಲ್ಕು ಭಾಗವಾಗಿ ಆಯ್ದು ಕೊಳ್ಳಬಹುದು. ಗೇಮಿಂಗ್ ಹೆಡ್‌ಸೆಟ್‌ಗೆ ಮೈಕ್, ಡಾಂಗಲ್ (ವೈರ್‌ಲೆಸ್ ಸಂಪರ್ಕಕ್ಕೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ), ಬ್ಯಾಟರಿಯೂ ಸೇರುವುದರಿಂದ ಜೋಡಣೆಯ ಜಾಗಗಳು ಹೆಚ್ಚು. ಡಬ್ಬದೊಳಗೆ ಎಷ್ಟು ಭಾಗಗಳಿವೆ ಎಂದು ಎಣಿಸುವುದಕ್ಕಿಂತ ಅವು ಕೂಡುವ ಜಾಗ ಎಷ್ಟು ಗಟ್ಟಿಯಾಗಿದೆ ಎಂದು ನೋಡುವುದು ಮುಖ್ಯ. ಮುಂದಿನ ಹಂತಗಳೆಲ್ಲ ಅದನ್ನು ತಿಳಿಯಲಿಕ್ಕೆ.

ಹಂತ 1: ದುಡ್ಡು ಕೊಡುವ ಮೊದಲು ಬಿಡಿಭಾಗದ ಲೆಕ್ಕ

ಹೆಡ್‌ಸೆಟ್‌ನ ಬೆಲೆ ನೋಡಿದ ಕೂಡಲೇ ಕುಶನ್, ಕೇಬಲ್, ಮೈಕ್, ಬ್ಯಾಟರಿಗಳ ಬಿಡಿ ಬೆಲೆಯನ್ನೂ ಹುಡುಕಿ ಒಂದು ಚೀಟಿಯಲ್ಲಿ ಬರೆಯಿರಿ. ಉದಾಹರಣೆಗೆ, ₹12,000ದ ಹೆಡ್‌ಸೆಟ್‌ಗೆ ಕುಶನ್ ₹1,500, ಕೇಬಲ್ ₹900, ಮೈಕ್ ₹1,800, ಬ್ಯಾಟರಿ ₹1,200 ಆದರೆ ಒಟ್ಟು ₹5,400. ಬೇಗ ಸವೆಯುವ ಈ ನಾಲ್ಕೂ ಸೇರಿ ಹೆಡ್‌ಸೆಟ್ ಬೆಲೆಯ ಅರ್ಧ ದಾಟಿದರೆ ಆ ಮಾಡ್ಯುಲರ್ ಹೆಸರಿಗೆ ಮಾತ್ರ. ಬೆಲೆ ತೋರಿಸಿ ‘ಸ್ಟಾಕ್ ಇಲ್ಲ’ ಎಂದಿದ್ದರೆ ಆ ಭಾಗ ಇಲ್ಲವೆಂದೇ ಲೆಕ್ಕ ಹಾಕಿ.

ವಿದೇಶದಲ್ಲಿರುವ ನೆಂಟರಿಂದ ತರಿಸುವವರು ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ವೈರ್‌ಲೆಸ್ ಆದರೆ ಇಲ್ಲಿ ಮಾರುವ ಹೆಡ್‌ಸೆಟ್ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು.

ಹಂತ 2: ತೂಕ ಮತ್ತು ಹಿಡಿತ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೈಕ್, ಬ್ಯಾಟರಿ ಹಾಕಿದ ಮೇಲೆ ತೂಗಿ. 300 ಗ್ರಾಂ ಒಳಗಿದ್ದರೆ ಎರಡು ಮೂರು ಗಂಟೆ ನಿರಾಳ. 350 ದಾಟಿದರೆ ನೆತ್ತಿಯ ಮೇಲೆ ಭಾರ ಗೊತ್ತಾಗುತ್ತದೆ, ಹೆಡ್‌ಬ್ಯಾಂಡ್ ಅಗಲವಾಗಿದ್ದರೆ ಅಷ್ಟು ಕಷ್ಟವಿಲ್ಲ. ಹಾಕಿಕೊಂಡು ತಲೆ ಬಗ್ಗಿಸಿ, ದವಡೆ ಆಡಿಸಿ. ಜಾರಬಾರದು, ಕೀರೆನ್ನಬಾರದು. ಕನ್ನಡಕದವರು ಕನ್ನಡಕ ಹಾಕಿಯೇ ನೋಡಬೇಕು. ಅದರ ಕಡ್ಡಿ ಕುಶನ್ ಮತ್ತು ಕೆನ್ನೆಯ ನಡುವೆ ಸಂದು ಮಾಡುತ್ತದೆ, ಆ ಸಂದಿನಿಂದ ಬೇಸ್, ಅಂದರೆ ತಗ್ಗು ಸ್ವರದ ಸದ್ದು, ಸೋರಿಹೋಗುತ್ತದೆ.

ಹಂತ 3: ಇಪ್ಪತ್ತು ಸಲ ಕಳಚಿ, ಇಪ್ಪತ್ತು ಸಲ ಜೋಡಿಸಿ

ಕುಶನ್, ಮೈಕ್, ಕೇಬಲ್ ಮೂರನ್ನೂ ಒಂದೊಂದಾಗಿ ಇಪ್ಪತ್ತು ಸಲ ತೆಗೆದು ಹಾಕಿ. ಮೊದಲ ಸಲದ ‘ಟಕ್’ ಸದ್ದು ಇಪ್ಪತ್ತನೇ ಸಲವೂ ಬರಬೇಕು. ಬಟ್ಟೆಯ ಅಂಚನ್ನು ಕಪ್ (ಕಿವಿ ಮುಚ್ಚುವ ಬಟ್ಟಲು) ಸುತ್ತಲಿನ ಸಂದಿಗೆ ತೂರಿಸಿ ಕೂರಿಸುವ ಕುಶನ್ ಬಿಗಿಯಾಗಿ ಕೂರುತ್ತದೆ, ಆದರೆ ಎಳೆದು ಎಳೆದು ಅಂಚಿನ ಹೊಲಿಗೆ ಬಿಡುತ್ತದೆ. ಪ್ಲಾಸ್ಟಿಕ್ ಉಂಗುರದ ಕ್ಲಿಪ್ ಕುಶನ್ ಸಲೀಸು, ಅದರ ಹಲ್ಲು ಮುರಿದರೆ ಮಾತ್ರ ಕತೆ ಮುಗಿಯಿತು. ಅಯಸ್ಕಾಂತದ ಕುಶನ್ ತೆಗೆಯಲು ಎಲ್ಲಕ್ಕಿಂತ ಸುಲಭ. ಹೆಡ್‌ಸೆಟ್ ಹಾಕಿಕೊಂಡು ಕಪ್ಪನ್ನು ಹಿಂದೆ ಮುಂದೆ ಉಜ್ಜಿದಾಗ ಅದು ಜರುಗುತ್ತದೆಯೇ ಎಂದು ನೋಡಿ.

ಆಮೇಲೆ ಕೇಬಲ್. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 200 ಹರ್ಟ್ಸ್‌ನ ಏಕನಾದ ತಯಾರಿಸಿ ಮೆಲ್ಲಗೆ ನುಡಿಸುತ್ತ, ಕಪ್ಪಿನಲ್ಲಿ ಕೂತಿರುವ ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ಒಂದು ಸುತ್ತು ತಿರುಗಿಸಿ. ‘ಕರಕರ’ ಸದ್ದು ಬಂದರೆ, ಇಲ್ಲವೇ ಒಂದು ಕಿವಿ ಕ್ಷಣಕಾಲ ಸತ್ತರೆ, ಜ್ಯಾಕ್‌ನೊಳಗಿನ ಸ್ಪ್ರಿಂಗ್ ಎಲೆ ಪಿನ್ನನ್ನು ಸರಿಯಾಗಿ ಒತ್ತುತ್ತಿಲ್ಲ ಎಂದರ್ಥ. ಹೊಸ ಹೆಡ್‌ಸೆಟ್‌ನಲ್ಲಿ ಹೀಗಾದರೆ ಹಿಂದಿರುಗಿಸಿ. ಹಳೆಯದಾದರೆ ಪಿನ್ನನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಮತ್ತೆ ನೋಡಿ. ಬೆವರಿನ ಕಲೆಯೋ ಧೂಳೋ ಕಾರಣವಾಗಿದ್ದರೆ ಅಷ್ಟಕ್ಕೇ ಸರಿಹೋಗುತ್ತದೆ.

ಪಿನ್ ಇಳಿಯುವ ಕುಳಿಯನ್ನೂ ಇಣುಕಿ ನೋಡಿ. ಕುಳಿ ಆಳವಾಗಿ ಕಿರಿದಾಗಿದ್ದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ 3.5 ಮಿ.ಮೀ. ಕೇಬಲ್‌ನ ದಪ್ಪ ತಲೆ ಒಳಗೆ ಹೋಗುವುದಿಲ್ಲ. ಆಗ ಪಿನ್ ಅಳತೆ ಸಾಮಾನ್ಯದ್ದೇ ಆದರೂ ಕಂಪನಿಯ ಕೇಬಲ್ಲನ್ನೇ ಕೊಳ್ಳಬೇಕಾಗುತ್ತದೆ. 2.5 ಮಿ.ಮೀ. ಪಿನ್ ಇರುವವುಗಳಿಗೂ ಬದಲಿ ಕೇಬಲ್ ಸಿಗುವುದು ಕಷ್ಟ.

ಹಂತ 4: ಎಡ-ಬಲದ ಪರೀಕ್ಷೆ

ಮಾಡ್ಯುಲರ್ ಹೆಡ್‌ಸೆಟ್‌ನ ನಿಜವಾದ ಅನುಕೂಲ ಇಲ್ಲಿದೆ: ದೋಷ ಎಲ್ಲಿದೆಯೆಂದು ಮನೆಯಲ್ಲೇ ಕಂಡುಹಿಡಿಯಬಹುದು. ಹಾಗಾಗಿ ಈ ಹಂತಕ್ಕೆ ಅವಸರ ಬೇಡ.

ಆಡಾಸಿಟಿಯಲ್ಲಿ ಪಿಂಕ್ ನಾಯ್ಸ್ ಮಾಡಿಕೊಳ್ಳಿ, ಹೆಂಚಿನ ಮೇಲೆ ಮಳೆ ಸುರಿದಂತೆ ಕೇಳುವ ಸದ್ದು ಅದು. ಮೋನೊದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವಂತೆ, ನುಡಿಸಿ. ಕಣ್ಣು ಮುಚ್ಚಿದರೆ ಸದ್ದು ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಮೊದಲು ಕಂಪ್ಯೂಟರಿನ ಬ್ಯಾಲೆನ್ಸ್ ಸೆಟ್ಟಿಂಗ್ ನೋಡಿ. ಅದು ಸರಿಯಿದ್ದರೆ ಹೆಡ್‌ಸೆಟ್ಟನ್ನು ಉಲ್ಟಾ ಹಾಕಿಕೊಳ್ಳಿ, ಎಡದ ಕಪ್ ಬಲಗಿವಿಗೆ ಬರಲಿ. ಆಗಲೂ ಅದೇ ಕಿವಿಯಲ್ಲೇ ಜೋರಾಗಿ ಕೇಳಿದರೆ ತಪ್ಪು ಹೆಡ್‌ಸೆಟ್‌ನದಲ್ಲ. ಎರಡು ಕಿವಿಯ ಕೇಳ್ಮೆಯಲ್ಲಿ ತುಸು ವ್ಯತ್ಯಾಸ ಅನೇಕರಿಗೆ ಇರುತ್ತದೆ, ಕನ್ನಡಕದ ಕಡ್ಡಿಯೂ ಕಾರಣವಾಗಬಹುದು. ವಾಲುವಿಕೆ ಇನ್ನೊಂದು ಕಿವಿಗೆ ದಾಟಿದರೆ ಹೆಡ್‌ಸೆಟ್‌ನಲ್ಲೋ ಕೇಬಲ್‌ನಲ್ಲೋ ಏನೋ ಇದೆ.

ಈಗ ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಎಡ-ಬಲದ ಕುಶನ್‌ಗಳನ್ನು ಅದಲು ಬದಲು ಮಾಡಿ, ಸರಿಯಾಗಿ ಹಾಕಿಕೊಂಡು ಕೇಳಿ. ವಾಲುವಿಕೆ ಕುಶನ್ ಜೊತೆ ಹೋದರೆ ಒಂದು ಕುಶನ್ ಚಪ್ಪಟೆಯಾಗಿದೆ ಅಥವಾ ಸರಿಯಾಗಿ ಕೂತಿಲ್ಲ. ಹೋಗದಿದ್ದರೆ ಡ್ರೈವರ್‌ಗಳನ್ನು ಅದಲು ಬದಲು ಮಾಡಿ. ಅದರಿಂದಲೂ ಬದಲಾಗದಿದ್ದರೆ ಕೇಬಲ್, ಕೊನೆಗೆ ಬೇರೆ ಫೋನ್ ಇಲ್ಲವೇ ಲ್ಯಾಪ್‌ಟಾಪ್. ಎರಡು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗದೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಡ್ರೈವರ್ ಕಳಚಿ ಹಾಕಿದ ಮೇಲೆ ಇನ್ನೊಂದು ತೊಂದರೆ ಬರಬಹುದು. ಪ್ಲಸ್-ಮೈನಸ್ ತಂತಿ ಒಂದು ಕಡೆ ಉಲ್ಟಾ ಆದರೆ, ಒಂದು ಡ್ರೈವರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಆಗ ಸದ್ದು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮಾತು ತಲೆಯ ನಡುವೆ ನಿಲ್ಲದೆ ಸುತ್ತ ಚದುರಿ ಟೊಳ್ಳಾಗಿ ಕೇಳುತ್ತದೆ, ಬೇಸ್ ಸೊರಗುತ್ತದೆ. ಗೇಮ್‌ನಲ್ಲಿ ಹೆಜ್ಜೆ ಸದ್ದು ಯಾವ ದಿಕ್ಕಿನಿಂದ ಬಂತೆಂದೇ ತಿಳಿಯುವುದಿಲ್ಲ. ಒಬ್ಬರೇ ಓದುವ ವಾರ್ತೆಯನ್ನು ಮೋನೊದಲ್ಲಿ ಕೇಳಿದರೆ ಇದು ಥಟ್ಟನೆ ಗೊತ್ತಾಗುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಸಾಕೆಟ್‌ಗೆ ಒಂದು ಕಚ್ಚು ಇದ್ದು, ತಿರುಗಿಸಿ ಹಾಕಲು ಬರುವುದೇ ಇಲ್ಲ.

ಹಂತ 5: ಕುಶನ್ ಬದಲಿಸಿದರೆ ಸದ್ದೂ ಬದಲು

ಬದಲಿ ಕುಶನ್ ಕೊಳ್ಳುವವರು ಮೆತ್ತಗಿದೆಯೇ ಎಂದಷ್ಟೇ ನೋಡುತ್ತಾರೆ. ಆದರೆ ಕುಶನ್ ಕೂಡ ಸ್ಪೀಕರಿನ ಭಾಗವೇ. ಕೃತಕ ಚರ್ಮದ್ದು ಗಾಳಿ ಸೋರದಂತೆ ಮುಚ್ಚುವುದರಿಂದ ಬೇಸ್ ತುಂಬಿ ಬರುತ್ತದೆ. ಮಖಮಲ್ಲಿನದು ತಂಪು, ಆದರೆ ಸೋರುತ್ತದೆ. ದಪ್ಪ ಕುಶನ್ ಡ್ರೈವರನ್ನು ಕಿವಿಯಿಂದ ದೂರ ಒಯ್ಯುತ್ತದೆ, ಕೀರಲು ಸದ್ದಿನ ಏರಿಳಿತವೇ ಬೇರೆಯಾಗುತ್ತದೆ.

ಸೋರಿಕೆ ತಿಳಿಯಲು 40 ಹರ್ಟ್ಸ್‌ನ ನಾದ ನುಡಿಸಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಸದ್ದು ಬಹಳ ಏರಿದರೆ ಕುಶನ್ ಸರಿಯಾಗಿ ಮುಚ್ಚುತ್ತಿಲ್ಲ.

ಎರಡು ಬಗೆಯ ಕುಶನ್ ಅಥವಾ ಡ್ರೈವರ್ ಹೋಲಿಸುವಾಗ ಮೊದಲು ವಾಲ್ಯೂಮ್ ಸರಿಸಮ ಮಾಡಿ. ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಹೋಲಿಕೆಗಳು ಹೆಚ್ಚಾಗಿ ಎಡವುವುದು ಇಲ್ಲೇ. 32 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಡ್ರೈವರ್ ತೆಗೆದು 80 ಓಮ್‌ನದು ಹಾಕಿದರೆ ಅದೇ ವಾಲ್ಯೂಮ್‌ನಲ್ಲಿ ಸದ್ದು ಇಳಿದಂತೆ ಕೇಳಬಹುದು, ಅದು ಡ್ರೈವರ್‌ನ ದೋಷವಲ್ಲ. ರಟ್ಟಿನಲ್ಲಿ ಬೆರಳು ದಪ್ಪದ ತೂತು ಮಾಡಿ, ಕಪ್ಪನ್ನು ಅದರ ಮೇಲೆ ಕವುಚಿ, ಕೆಳಗೆ ಫೋನಿನ ಮೈಕ್ ಇಟ್ಟು ಸದ್ದಳೆಯುವ ಆ್ಯಪ್‌ನಲ್ಲಿ 1,000 ಹರ್ಟ್ಸ್ ನಾದವನ್ನು ಅಳೆಯಿರಿ. ಆ್ಯಪ್ ತೋರಿಸುವ ಅಂಕಿ ನಿಖರ ಇರಬೇಕಿಲ್ಲ, ಎರಡೂ ಸಲ ಒಂದೇ ಬಂದರೆ ಸಾಕು.

ಗೇಮ್‌ನಲ್ಲಿ ಕೇಳುವಾಗ ಸದ್ದು ಸುತ್ತಲಿಂದ ಬಂದಂತೆ ಕೇಳಿಸುವ ಹೆಡ್‌ಸೆಟ್‌ನ ವರ್ಚುವಲ್ ಸರೌಂಡ್ ಆಫ್ ಮಾಡಿ. ವ್ಯಾಲೊರಂಟ್‌ನಂಥ ಗೇಮ್‌ನಲ್ಲಿ ಎಚ್‌ಆರ್‌ಟಿಎಫ್ ಎಂಬ ದಿಕ್ಕಿನ ಸೆಟ್ಟಿಂಗ್ ಗೇಮ್‌ನೊಳಗೇ ಇದೆ. ಎರಡೂ ಆನ್ ಆಗಿದ್ದರೆ ಒಂದರ ಮೇಲೊಂದು ಕೂತು ದಿಕ್ಕು ಮಸುಕಾಗುತ್ತದೆ.

ಹಂತ 6: ಮೈಕ್‌ಗೆ ಮಹಾಪ್ರಾಣದ ಪರೀಕ್ಷೆ

ಮೈಕನ್ನು ಬಾಯಿಯ ನೇರಕ್ಕಲ್ಲ, ತುಟಿಯ ಮೂಲೆಯಿಂದ ಎರಡು ಬೆರಳು ದೂರ ಇಡಿ. ‘ಭೂಮಿ, ಫಲಕ, ಪಾಪ, ಬಾಗಿಲು, ಶೇಷ, ಸಾಸಿವೆ’ ಎಂದು ಮಾತಾಡುವ ದನಿಯಲ್ಲೇ ರೆಕಾರ್ಡ್ ಮಾಡಿ. ‘ಭ’, ‘ಪ’ಗಳಲ್ಲಿ ‘ಧಬ್’ ಎಂದು ಉಸಿರು ಬಡಿದರೆ ಮೈಕ್‌ನ ಸ್ಪಂಜು ತೆಳುವಾಗಿದೆ ಅಥವಾ ಮೈಕ್ ಬಾಯಿಗೆ ಹತ್ತಿರವಿದೆ. ‘ಶ’, ‘ಸ’ಗಳು ಚುಚ್ಚುವಂತೆ ಕೇಳಬಾರದು. ಮಾತಿನ ಗರಿಷ್ಠ ಮಟ್ಟ ಆಡಾಸಿಟಿಯಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಆಮೇಲೆ ಫ್ಯಾನ್ ಹಾಕಿ, ಕೀಬೋರ್ಡ್ ಒತ್ತುತ್ತ ಇನ್ನೊಮ್ಮೆ. ನಮ್ಮ ಮನೆಗಳಲ್ಲಿ ಫ್ಯಾನಿಲ್ಲದೆ ಆಡುವವರು ಕಡಿಮೆ, ಹಾಗಾಗಿ ಈ ಎರಡನೇ ರೆಕಾರ್ಡಿಂಗ್ ನೋಡಿಯೇ ತೀರ್ಮಾನಿಸಿ.

ಮೈಕ್ ಇಲ್ಲವೇ ಕೇಬಲ್ ಬದಲಿಸಿದ ಮೇಲೆ ದನಿ ಹೋಗುವುದೇ ಇಲ್ಲವೆಂದರೆ ಫೋನ್, ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಪಿನ್ ನೋಡಿ. ಮೂರು ಗೆರೆಯ, ಅಂದರೆ ನಾಲ್ಕು ಭಾಗದ 3.5 ಮಿ.ಮೀ. ಪಿನ್‌ನಲ್ಲಿ ಎರಡು ಪದ್ಧತಿಗಳಿವೆ. ಈಗಿನ ಬಹುತೇಕ ಫೋನ್, ಲ್ಯಾಪ್‌ಟಾಪ್‌ಗಳದು ಸಿಟಿಐಎ, ಕೆಲವು ಹಳೆಯವುಗಳದು ಒಎಂಟಿಪಿ. ಎರಡರಲ್ಲಿ ಮೈಕ್ ಮತ್ತು ಗ್ರೌಂಡ್ ಜಾಗ ಅದಲು ಬದಲು. ಹೊಂದದಿದ್ದರೆ ಮೈಕ್ ಸತ್ತು, ಹಾಡಿನಲ್ಲಿ ಗಾಯಕರ ದನಿ ಮಾತ್ರ ಎಲ್ಲೋ ದೂರಕ್ಕೆ ಹೋದಂತಾಗುತ್ತದೆ. ಮೈಕ್‌ಗೆ ಬೇರೆ ಸಾಕೆಟ್ ಇರುವ ಡೆಸ್ಕ್‌ಟಾಪ್‌ಗೆ ಎರಡು ಕವಲಿನ ಸ್ಪ್ಲಿಟರ್ ಬೇಕು.

ಹಂತ 7: ವೈರ್‌ಲೆಸ್‌ನ ತಡ ಎಷ್ಟು?

ಇದನ್ನು ಅಳೆಯಲು ಸುಲಭದ ದಾರಿಯಿದೆ. ಹೆಡ್‌ಸೆಟ್‌ನ ಒಂದು ಕಪ್ಪನ್ನು ಮೌಸ್ ಪಕ್ಕ ಇಟ್ಟು, ನಡುವೆ ರೆಕಾರ್ಡಿಂಗ್ ಆನ್ ಮಾಡಿದ ಫೋನ್ ಇಡಿ. ಗೇಮ್‌ನಲ್ಲಿ ಹತ್ತು ಸಲ ಬಿಡಿ ಗುಂಡು ಹಾರಿಸಿ. ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆದರೆ ಮೌಸ್‌ನ ‘ಕ್ಲಿಕ್’ ಮತ್ತು ಗುಂಡಿನ ಸದ್ದು ಎರಡು ಮುಳ್ಳುಗಳಂತೆ ಕಾಣುತ್ತವೆ. ನಡುವಿನ ಅಂತರದ ಸರಾಸರಿ ತೆಗೆಯಿರಿ. ಇದನ್ನೇ ಕೇಬಲ್‌ನಲ್ಲೂ ಮಾಡಿ. ಒಟ್ಟು ಅಂತರದಲ್ಲಿ ಗೇಮ್‌ನ ತಡವೂ ಸೇರಿರುತ್ತದೆ, ಕೇಬಲ್‌ನ ಅಂಕಿ ಕಳೆದರೆ ಉಳಿಯುವುದು ವೈರ್‌ಲೆಸ್ ಹೆಚ್ಚಿಸಿದ ತಡ. 2.4 ಗಿಗಾಹರ್ಟ್ಸ್ ಡಾಂಗಲ್‌ನಲ್ಲಿ ಅದು 40 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ. ಸಾಮಾನ್ಯ ಬ್ಲೂಟೂತ್‌ನಲ್ಲಿ 150 ದಾಟುವುದುಂಟು. ಫೋನಿನಲ್ಲಿ ಬಿಜಿಎಂಐ ಆಡುವಾಗ ಗುಂಡು ಹಾರಿದ ಮೇಲೆ ಸದ್ದು ಬಂದಂತೆ ಅನಿಸುವುದು ಇದರಿಂದಲೇ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಸದ್ದು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ, ಅದು ಆ ವ್ಯವಸ್ಥೆಯ ಮಿತಿ.

ಡಾಂಗಲ್‌ನ ಸದ್ದು ಕಡಿದು ಕಡಿದು ಬಂದರೆ ಹೆಡ್‌ಸೆಟ್ಟನ್ನು ದೂರುವ ಮೊದಲು ಡಾಂಗಲ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಪೋರ್ಟ್ ಮತ್ತು ಅದರಲ್ಲಿ ಹಾಕಿದ ಹಾರ್ಡ್ ಡಿಸ್ಕ್ ಇದೇ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತವೆ. ಒಂದು ಮೀಟರ್ ಉದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತನ್ನಿ.

ಹಂತ 8: ಬ್ಯಾಟರಿ

ಸ್ಟೀಲ್‌ಸೀರೀಸ್ ಆರ್ಕ್ಟಿಸ್ ನೋವಾ ಪ್ರೊ ವೈರ್‌ಲೆಸ್‌ನಲ್ಲಿ ಎರಡು ಬ್ಯಾಟರಿ ಬರುತ್ತವೆ, ಒಂದು ಕಪ್ಪಿನಲ್ಲಿದ್ದರೆ ಇನ್ನೊಂದು ಮೇಜಿನ ಮೇಲಿಡುವ ಬೇಸ್ ಸ್ಟೇಷನ್ ಪೆಟ್ಟಿಗೆಯಲ್ಲಿ ಚಾರ್ಜ್ ಆಗುತ್ತಿರುತ್ತದೆ. ಎಲ್ಲದರಲ್ಲೂ ಇಷ್ಟು ಅನುಕೂಲ ಇರಲಾರದು, ಆದರೆ ಬೆಸುಗೆಯಿಲ್ಲದೆ ಬ್ಯಾಟರಿ ತೆಗೆಯಲು ಬರಲೇಬೇಕು. ಐರೋಪ್ಯ ಒಕ್ಕೂಟದ ಬ್ಯಾಟರಿ ನಿಯಮ 2027ರ ಫೆಬ್ರುವರಿ 18ರಿಂದ ಹೆಚ್ಚಿನ ಸಣ್ಣ ಉಪಕರಣಗಳಲ್ಲಿ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎನ್ನುತ್ತದೆ. ಬದಲಿ ಬ್ಯಾಟರಿಯ ವೋಲ್ಟೇಜ್, ಅಳತೆ, ಕನೆಕ್ಟರ್ ಮೂರೂ ಹೊಂದಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸುವ ಸಾಹಸ ಬೇಡವೇ ಬೇಡ, ಬೆಂಕಿ ಹತ್ತಬಹುದು.

ಹಂತ 9: ಹಿಂದಿರುಗಿಸುವ ಗಡುವಿನ ಹಿಂದಿನ ದಿನ

ಮೇಲಿನ ಎಲ್ಲ ಪರೀಕ್ಷೆ ನಡೆಸುವಾಗ ವಾಲ್ಯೂಮ್ ಮಿತಿಯಲ್ಲಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ, ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗ ಈ ಸಮಯ ಅರ್ಧಕ್ಕಿಳಿಯುತ್ತದೆ.

ಗಡುವಿನ ಹಿಂದಿನ ದಿನ 3 ಮತ್ತು 4ನೇ ಹಂತಗಳನ್ನು ಮತ್ತೊಮ್ಮೆ ಮಾಡಿ. ದಿನವೂ ಬಳಸಿದ ಮೇಲೆ ಹೊಸತರಲ್ಲಿ ಕಾಣದ ಸಡಿಲ ಕಾಣುತ್ತದೆ: ಹೆಡ್‌ಬ್ಯಾಂಡ್ ಜಾರುವ ಹಲ್ಲು, ಮೈಕ್‌ನ ಕೀಲು, ಕಪ್ ತಿರುಗುವ ಸ್ಕ್ರೂ. ಕುಶನ್‌ನ ಒಳ ಅಂಚನ್ನು ಬೆರಳಿಂದ ಸವರಿ, ಅಂಟಂಟಾಗಿದ್ದರೆ ಕೃತಕ ಚರ್ಮ ಈಗಲೇ ಸಡಿಲಗೊಳ್ಳುತ್ತಿದೆ. ತೇವದಿಂದ ಅದರ ಪದರ ಒಡೆಯುವುದರಿಂದ ಮಂಗಳೂರು, ಕಾರವಾರದ ಸೆಕೆಯಲ್ಲಿ ಇದು ಬೇಗ ಶುರುವಾಗುತ್ತದೆ. ಆಡಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಗಾಳಿಗೆ ಇಡಿ. ಸ್ಯಾನಿಟೈಸರ್ ಹಚ್ಚಬೇಡಿ, ಅದು ಮೇಲ್ಪದರವನ್ನು ಬಿರುಕು ಬಿಡಿಸುತ್ತದೆ. ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದರೆ ಪ್ರತಿ ಭಾಗದ ಮೇಲಿನ ಸಂಖ್ಯೆಯ ಫೋಟೊ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ, ಒಂದು ಜೊತೆ ಕುಶನ್ನನ್ನು ಸ್ಟಾಕ್ ಇರುವಾಗಲೇ ತರಿಸಿಬಿಡಿ.