ಡ್ಯೂಟೀಲೂ ಕರ್ತ ಯೇಸುವಿಗೆ ಕೆಲಸ ಮಾಡೋದು ಹೇಗೆ

ಭಾನುವಾರ ಚರ್ಚ್ ಸಭೇಲಿರೋ ಭಕ್ತಿ ಸೋಮವಾರ ಡ್ಯೂಟೀಲೂ ಇರ್ಬೇಕಂದ್ರೆ ಮೊದಲು ಬೈಬಲಿನ ಕೊಲೊಸ್ಸೆ 3:23 ಓದಿ, ಮನುಷ್ಯರಿಗಲ್ಲ ಕರ್ತನಿಗೇ ಅಂತ ಮನಸಿಟ್ಟು ಮಾಡಿ ಅಂತ ಅಪೊಸ್ತಲ ಪೌಲ ಹೇಳಿದ್ದು ದಾಸರಿಗೆ, ಅಂದ್ರೆ ಕೆಲಸ ಬಿಡೋ ಚಾಯ್ಸೇ ಇಲ್ದೋರಿಗೆ. ಪೌಲನೂ ಕೊರಿಂಥ ಪಟ್ಟಣದಲ್ಲಿ ಗುಡಾರ ಮಾಡಿ ದುಡಿದೋನೇ. ಸೋ, ಬಾಸ್ ನೋಡದಿದ್ರೂ ರಿಪೋರ್ಟಲ್ಲಿ ತಪ್ಪು ಲೆಕ್ಕ ಕಂಡ್ರೆ ಸರಿಮಾಡಿ, ಮುಗೀದಿರೋ ಕೆಲಸಕ್ಕೆ 'ಆಯ್ತು ಸರ್' ಅನ್ಬೇಡಿ, ಬೇರೆಯವ್ರು ಮಾಡಿದ್ರ ಕ್ರೆಡಿಟ್ ಅವ್ರಿಗೇ ಕೊಡಿ. ಸಿಟ್ಟು ಬರ್ಸೋ ಮೇಲ್ ಬಂತಾ, ರಿಪ್ಲೈ ಒತ್ತೋ ಮುಂಚೆ ಮನಸಲ್ಲೇ ಒಂದು ಪ್ರಾರ್ಥನೆ ಮಾಡಿ, ಬೈಬಲಲ್ಲಿ ಬರೋ ನೆಹೆಮೀಯ ಅನ್ನೋ ರಾಜಸೇವಕ ತನ್ನ ರಾಜನಿಗೆ ಉತ್ತರ ಕೊಡೋ ಮುಂಚೆ ಮಾಡಿದ್ದೂ ಅದನ್ನೇ (ನೆಹೆಮೀಯ 2:4). ಡೆಸ್ಕ್ ಮೇಲೆ ವಾಕ್ಯ ಅಂಟಿಸೋದು ನಿಮ್ಮಿಷ್ಟ, ಆದ್ರೆ ದಿನಾ ಡೆಡ್‌ಲೈನ್ ತಪ್ಪಿಸ್ತಿದ್ರೆ ಜನ ಆ ವಾಕ್ಯ ನೋಡೇ ನಗ್ತಾರೆ! ಇನ್ನು ಸುವಾರ್ತೆ, ಅಂದ್ರೆ ಯೇಸುವಿನ ಶುಭಸುದ್ದಿ, ಯಾರಾದ್ರೂ ಕೇಳಿದ್ರೆ ಮೆತ್ತಗೆ ಹೇಳಿ, ಕೆಲಸದ ಟೈಮಲ್ಲಿ ಬೇಡ, ಊಟದ ಬಿಡುವಲ್ಲಿ.