ಮಂದ್ರದ ಸ್ವರಗಳನ್ನು ಸ್ಪ್ಲಿಟ್ ನುಂಗುತ್ತಿತ್ತು: ನನ್ನ ಅನುಭವ

ಭಜನೆಗೆ 61 ಕೀಗಳ ಅರೇಂಜರ್ ಕೀಬೋರ್ಡ್ ನುಡಿಸುತ್ತೇನೆ. ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು), ಬಲಗೈಯಲ್ಲಿ ಕೊಳಲಿನ ಸದ್ದು. ಹಾಡು ಮಂದ್ರ ಪಂಚಮಕ್ಕಿಂತ ಕೆಳಗೆ ಇಳಿದರೆ ಸಾಕು, ಕೊಳಲು ಮಾಯ, ಕಾರ್ಡೂ ಬದಲಾಗುತ್ತಿತ್ತು.

ಸ್ಪ್ಲಿಟ್ ಪಾಯಿಂಟ್, ಅಂದರೆ ಕೀಗಳನ್ನು ಎಡಗೈ, ಬಲಗೈ ಅಂತ ಭಾಗ ಮಾಡುವ ಜಾಗ ನೋಡಿದೆ, 54ನೇ ಕೀ ಅಂತ ಇತ್ತು. ಆ ಕೀ ಮತ್ತು ಅದಕ್ಕಿಂತ ಕೆಳಗಿನವೆಲ್ಲ ಎಡಗೈಗೆ. ಈ ಲೆಕ್ಕದಲ್ಲಿ ನಡು ಸಿ ಅಂದರೆ 60. ನಮ್ಮದು ಒಂದು ಮನೆ ಶ್ರುತಿ, ಷಡ್ಜವೇ 60. ಮಂದ್ರ ಪ 55, ಅದು ಬಲಗೈ ಪಾಲು. ಶುದ್ಧ ಮಧ್ಯಮ 53, ಅದು ಎಡಗೈ ಪಾಲಿಗೆ ಹೋಗುತ್ತದೆ!

ಫಂಕ್ಷನ್ ಮೆನುವಿನಲ್ಲಿ ಸ್ಪ್ಲಿಟ್ ಅನ್ನು 47ಕ್ಕೆ ಇಳಿಸಿದೆ. ಈಗ ಮಂದ್ರ ಷಡ್ಜದವರೆಗೂ ಕೊಳಲು ಸಿಗುತ್ತದೆ. ಎಡಗೈಗೆ ಉಳಿದದ್ದು 36ರಿಂದ 47ರವರೆಗಿನ 12 ಕೀ. ಅಷ್ಟು ಸಾಕು, ಕಾರ್ಡನ್ನು ಇನ್ವರ್ಷನ್‌ನಲ್ಲಿ (ಅದೇ ಸ್ವರಗಳನ್ನು ಮೇಲೆ ಕೆಳಗೆ ಮಾಡಿ) ಹಿಡಿದರೆ ಎಲ್ಲವೂ ಅಲ್ಲೇ ಕೂರುತ್ತವೆ.

ಆಮೇಲೆ ಸದ್ದಿನ ವಿಷಯ. ಎಡಗೈಯ ಸ್ಟ್ರಿಂಗ್ಸ್ (ಪಿಟೀಲುಗಳ ಗುಂಪಿನ ಸದ್ದು) ಅಷ್ಟು ಕೆಳಗೆ ಗೊಜಗೊಜ ಅನ್ನಿಸಿತು. ಅದರ ಆಕ್ಟೇವ್ (ಸ್ಥಾಯಿ) ಒಂದು ಮೇಲಕ್ಕೆ, ವಾಲ್ಯೂಮ್ ಕೊಳಲಿನ ಅರ್ಧಕ್ಕೆ ಇಟ್ಟೆ. ಬಲಗೈಗೆ ಕೊಳಲಿನ ಜೊತೆ ಸ್ಟ್ರಿಂಗ್ಸ್ ಲೇಯರ್ ಮಾಡಬೇಡಿ (ಒಂದೇ ಕೀಗೆ ಎರಡೂ ಸದ್ದು ಸೇರಿಸಬೇಡಿ) ಅಂತ ನನ್ನ ಸಲಹೆ. ಅದು ನಿಧಾನವಾಗಿ ಏಳುವ ಸದ್ದು, ವೇಗದ ಸ್ವರಗಳಲ್ಲಿ ಹಿಂದೆ ಬೀಳುತ್ತದೆ. ಹಾರ್ಮೋನಿಯಂ ಆದರೆ ತುಂಬಾ ಚೆನ್ನಾಗಿ ಬೆರೆಯುತ್ತದೆ.

ಒಂದೂವರೆ ಮನೆ ಶ್ರುತಿಗೆ ಹಾಡುವವರು ಬಂದರೆ ಟ್ರಾನ್ಸ್‌ಪೋಸ್ (ಇಡೀ ಕೀಬೋರ್ಡಿನ ಶ್ರುತಿ ಏರಿಳಿಸುವ ಸೌಲಭ್ಯ) +1 ಮಾಡಿ. ಬೆರಳುಗಳು ಅದೇ ಕೀಗಳ ಮೇಲೆ ಇರುತ್ತವೆ, ಸ್ಪ್ಲಿಟ್ ಮತ್ತೆ ಮುಟ್ಟಬೇಕಿಲ್ಲ. ಸ್ವಿಚ್ ಆಫ್ ಮಾಡುವ ಮೊದಲು ಇಷ್ಟನ್ನೂ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ (ಸೆಟ್ಟಿಂಗ್‌ಗಳನ್ನು ಕಾಪಾಡುವ ಜಾಗ) ಉಳಿಸಿಕೊಳ್ಳಿ.