1690ರ ಹೊತ್ತಿನ ಕಾಲುಚೀಲ: ನಾನು ಹೆಣೆದ ಬಗೆ

ಸ್ಕಾಟ್ಲೆಂಡಿನ ಶೆಟ್ಲೆಂಡ್‌ನಲ್ಲಿ ಗನಿಸ್ಟರ್ ಅಂತ ಒಂದು ಜಾಗ. 1951ರಲ್ಲಿ ಅಲ್ಲಿ ಉರುವಲಿಗೆ ಪೀಟ್ (ಜೌಗುನೆಲದ ಉರಿಯುವ ಮಣ್ಣು) ಅಗೆಯುವಾಗ ಒಬ್ಬ ಗಂಡಸಿನ ಉಡುಪು ಸಿಕ್ಕಿತು. ಕೋಟು, ಟೋಪಿ, ಕೈಗವಸು, ಉದ್ದನೆಯ ಉಣ್ಣೆ ಕಾಲುಚೀಲ. ಅವನ ಹಣದ ಚೀಲದಲ್ಲಿದ್ದ ನಾಣ್ಯಗಳಲ್ಲಿ ಒಂದು 1690ರದ್ದು. ಹದಿನೇಳನೇ ಶತಮಾನದ ಕೊನೆಯ ಉಡುಪು ತೊಟ್ಟು ಮರುನಟನೆ ಮಾಡುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಾ? ಆ ಕಾಲದ ರೀತಿಯಲ್ಲೇ ಒಂದು ಜೊತೆ ಹೆಣೆಯಬೇಕು ಅನ್ನಿಸಿದ್ದು ಅದಕ್ಕೇ.

ಮೊದಲು ನೂಲು, ಕಡ್ಡಿ. ಇಲ್ಲಿ ರಾಜಿ ಮಾಡಿಕೊಂಡರೆ ಉಳಿದದ್ದೆಲ್ಲ ವ್ಯರ್ಥ ಅನ್ನುವುದು ನನ್ನ ಅಭಿಪ್ರಾಯ. ಎರಡೆಳೆಯ ತೆಳು ಉಣ್ಣೆ ತಗೊಂಡೆ. ಎರಡೂ ತುದಿ ಚೂಪಾದ 1.25 ಮಿಲಿಮೀಟರ್ ಉಕ್ಕಿನ ಕಡ್ಡಿ. ಅಂಗುಲಕ್ಕೆ 12 ಕುಣಿಕೆ ಬಂತು. ದಪ್ಪ ನೂಲಿನಲ್ಲಿ ಬೇಗ ಮುಗಿಯುತ್ತದೆ ನಿಜ, ಆದರೆ ನೋಡಿದ ತಕ್ಷಣ ಇವತ್ತಿನ ಸಾಕ್ಸ್ ಅಂತ ಗೊತ್ತಾಗುತ್ತದೆ.

ಮೇಲಿಂದ ಕೆಳಕ್ಕೆ, ಸುತ್ತಾಗಿ ಹೆಣೆದೆ. ಮೇಲಂಚಿಗೆ ಈಗಿನ ಹಾಗೆ ಹಿಗ್ಗುವ ಪಟ್ಟಿ ಹಾಕಲಿಲ್ಲ. ಒಂದಷ್ಟು ಉಲ್ಟಾ (ಉಬ್ಬು ಹೊರಗೆ ಬರುವ ಹೆಣಿಗೆ, ಪರ್ಲ್) ಸುತ್ತು ಹಾಕಿದೆ, ಅಂಚು ಸುರುಳಿಯಾಗದಿರಲಿ ಅಂತ ಅಷ್ಟೇ. ಜಾರದಂತೆ ಹಿಡಿಯುವುದು ಮೊಣಕಾಲಿನ ಕೆಳಗೆ ಕಟ್ಟುವ ಪಟ್ಟಿಯ ಕೆಲಸ.

ನನಗೆ ತುಂಬ ಇಷ್ಟವಾದದ್ದು ಹಿಂಬದಿಯ ಸೀಮ್, ಅಂದರೆ ಹೊಲಿಗೆಯಂಥ ಗೆರೆ. ಕಾಲಿನ ಹಿಂದೆ, ನಟ್ಟನಡುವೆ, ಒಂದೇ ಒಂದು ಕುಣಿಕೆಯನ್ನು ಒಂದು ಸುತ್ತು ಉಲ್ಟಾ, ಒಂದು ಸುತ್ತು ಸೀದಾ ಹೆಣೆಯುತ್ತಾ ಹೋಗಬೇಕು. ಸಣ್ಣ ಉಬ್ಬುಗಳ ಸಾಲು ಏಳುತ್ತದೆ. ದೂರದಿಂದ ಹೊಲಿದ ಹಾಗೇ ಕಾಣುತ್ತದೆ. ಒಂದು ಉಬ್ಬು ಅಂದರೆ ಎರಡು ಸುತ್ತು, ಹಾಗಾಗಿ ಲೆಕ್ಕಕ್ಕೆ ಚೀಟಿ ಬೇಡ, ಬೆರಳಾಡಿಸಿದರೆ ಸಾಕು. ಮೀನಖಂಡ ದಾಟಿದ ಮೇಲೆ ಈ ಸಾಲಿನ ಎರಡೂ ಪಕ್ಕ ಒಂದೊಂದು ಕುಣಿಕೆ ಕಡಿಮೆ ಮಾಡುತ್ತಾ ಬಂದೆ, ಎರಡು ಉಬ್ಬಿಗೊಮ್ಮೆ. 160 ಇದ್ದದ್ದು ಗಿಣ್ಣಿನ ಹತ್ತಿರ 112ಕ್ಕೆ ಇಳಿಯಿತು. ಕಾಲಿಗೆ ಅಂಟಿ ಕೂರುವುದು ಇದರಿಂದಲೇ. ಇನ್ನೂ ಇಳಿಸಬಹುದು ಅನ್ನಿಸುತ್ತದೆ, ಆದರೆ ಹಿಮ್ಮಡಿ ತೂರಬೇಕಲ್ವಾ!

ಹಿಮ್ಮಡಿಗೆ ಅರ್ಧ ಕುಣಿಕೆಗಳಲ್ಲಿ ಒಂದು ಚೌಕ ಹೆಣೆದು, ಅದನ್ನು ನಡುವೆ ಮಡಿಸಿ, ಅಡಿಯಲ್ಲಿ ಎರಡು ಕಡ್ಡಿಯ ಕುಣಿಕೆಗಳನ್ನು ಜೋಡಿಸಿ ಮುಚ್ಚಿದೆ. ಹಳೆಯ ಸರಳ ವಿಧಾನ ಇದು. ಪಾದದಡಿ ಸಣ್ಣ ಏಣು ಉಳಿಯುತ್ತದೆ, ಬೂಟಿನಲ್ಲಿ ನನಗೇನೂ ಚುಚ್ಚಲಿಲ್ಲ.

ಒದ್ದೆ ಮಾಡಿ, ಕಾಲಿನ ಆಕಾರದ ಹಲಗೆಗೆ ತೊಡಿಸಿ ಒಣಗಿಸಿದೆ. ಹೆಣಿಗೆ ಸಮವಾಗಿ ಕೂತಿತು.

ಗನಿಸ್ಟರ್‌ನವನ ಕಾಲುಚೀಲದ ಪಾದ ಸವೆದುಹೋಗಿ, ಬೇರೆ ಕಾಲುಚೀಲದ ಪಾದವನ್ನು ಜೋಡಿಸಿದ್ದರು. ಮೇಲಿನ ಭಾಗ ಅಷ್ಟು ಬಾಳುತ್ತದೆ. ಅದಕ್ಕೇ ನಾನೂ ಅದೇ ನೂಲಿನ ಇನ್ನೊಂದು ಉಂಡೆ ಎತ್ತಿಟ್ಟಿದ್ದೇನೆ, ಪಾದ ಸವೆದಾಗ ಗಿಣ್ಣಿನಿಂದ ಕೆಳಗೆ ಬಿಚ್ಚಿ ಹೊಸದಾಗಿ ಹೆಣೆಯುವುದಕ್ಕೆ.